ಹೊಟ್ಟೆಯೊಳಗಿನ ಮಗುವಿನ ಮಿದುಳಿಗೆ ಎಂಆರ್‌ಐ: ವಾರ ಕಳೆಯದಂತೆ ಮಾಡಿಸುವುದು ಹೇಗೆ?

ಸ್ಕ್ಯಾನಿನಲ್ಲಿ ಮಗುವಿನ ಮಿದುಳಿನ ಬಗ್ಗೆ ಅನುಮಾನ ಬಂತೆಂದರೆ ಮುಂಬಯಿಯ ನಮ್ಮ ಮನೆಗಳಲ್ಲಿ ಮೊದಲು ಕೇಳುವ ಮಾತು, ‘ಊರಿಗೆ ಹೋಗಿ ಅಲ್ಲಿನ ಡಾಕ್ಟರಿಗೂ ಒಮ್ಮೆ ತೋರಿಸೋಣ’. ಮಾಟುಂಗದಲ್ಲೂ ಡೊಂಬಿವಲಿಯಲ್ಲೂ ಇದನ್ನು ಕಂಡಿದ್ದೇನೆ. ಉಡುಪಿಗೆ ಹೋಗಿ ಬರುವಷ್ಟರಲ್ಲಿ ವಾರಗಳು ಜಾರಿರುತ್ತವೆ. ಗಂಭೀರ ವೈಕಲ್ಯವಿದ್ದು ಗರ್ಭಪಾತದ ಮಾತು ಬಂದರೆ, ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಂತೆ 24 ವಾರ ದಾಟಿದ ಮೇಲೆ ಮೆಡಿಕಲ್ ಬೋರ್ಡ್ (ತಜ್ಞ ವೈದ್ಯರ ಮಂಡಳಿ) ಮುಂದೆ ಹೋಗಬೇಕು.

ಹಾಗಾಗಿ ಮೊದಲನೆಯದು: ಮಗುವಿನ ಅಂಗಾಂಗಗಳಲ್ಲಿ ದೋಷವಿದೆಯೇ ಎಂದು ನೋಡುವ ಅನಾಮಲಿ ಸ್ಕ್ಯಾನ್ 18ರಿಂದ 20 ವಾರದೊಳಗೆ ಮುಗಿಯಲಿ. ಸೀಮಂತ ಆಗಲಿ, ಆಮೇಲೆ ನೋಡೋಣ ಎನ್ನಬೇಡಿ.

ಎರಡನೆಯದು: ಅನುಮಾನವಿದ್ದರೆ ಫೀಟಲ್ ಮೆಡಿಸಿನ್ (ಗರ್ಭಸ್ಥ ಶಿಶುವಿನ ಚಿಕಿತ್ಸೆಯ) ತಜ್ಞರಲ್ಲಿ ನ್ಯೂರೋಸೋನೋಗ್ರಾಮ್, ಅಂದರೆ ಮಗುವಿನ ಮಿದುಳನ್ನೇ ವಿವರವಾಗಿ ನೋಡುವ ಅಲ್ಟ್ರಾಸೌಂಡ್. ಎಂಆರ್‌ಐ ಅದರ ನಂತರ, ಸಾಮಾನ್ಯವಾಗಿ 20 ವಾರ ಕಳೆದ ಮೇಲೆ.

ಎಲ್ಲರೂ ಎಡವುವುದು ಮೂರನೆಯದರಲ್ಲಿ, ಡಾಕ್ಟರ್ ಬರೆದುಕೊಡುವ ಚೀಟಿಯಲ್ಲಿ. ಬರೀ ‘ಎಂಆರ್‌ಐ’ ಎಂದು ಬರೆದಿದ್ದರೆ ಅಲ್ಲೇ ಕುಳಿತು ಪೂರ್ತಿ ಬರೆಸಿಕೊಳ್ಳಿ. ಇವತ್ತಿಗೆ ಎಷ್ಟು ವಾರ, ಎಷ್ಟು ದಿನ? ಮಿದುಳಿನೊಳಗೆ ದ್ರವ ತುಂಬಿದ ಕುಹರ, ಅಂದರೆ ವೆಂಟ್ರಿಕಲ್, ಅದರ ಅಗಲ ಎಷ್ಟು? 10 ಮಿ.ಮೀ. ಮುಟ್ಟಿದರೆ ಹಿಗ್ಗಿದೆ ಎಂದೇ ಲೆಕ್ಕ. ಎಡ-ಬಲ ಮಿದುಳನ್ನು ಬೆಸೆಯುವ ಕಾರ್ಪಸ್ ಕ್ಯಾಲೋಸಮ್ ಕಾಣುತ್ತಿಲ್ಲವೇ? ಮಗು ಒಳಗೆ ಹೊರಳುತ್ತಲೇ ಇರುತ್ತದೆ. ಸೆಕೆಂಡುಗಳಲ್ಲಿ ಚಿತ್ರ ಹಿಡಿಯಬೇಕು, ಅದು ಹೊರಳಿದಂತೆ ಕೋನ ಬದಲಿಸಬೇಕು. ಏನನ್ನು ಹುಡುಕಬೇಕೆಂದು ಗೊತ್ತಿದ್ದರೆ ಮಾತ್ರ ಸರಿಯಾದ ಚಿತ್ರ ಸಿಗುತ್ತದೆ. ಬೆನ್ನುನೋವಿಗೆ ಎಂಆರ್‌ಐ ಮಾಡುವ ಎಲ್ಲ ಸೆಂಟರುಗಳಿಗೂ ಈ ಕೆಲಸ ಬರುವುದಿಲ್ಲ. ‘ಫೀಟಲ್ ಎಂಆರ್‌ಐ ರಿಪೋರ್ಟ್ ಬರೆಯುವವರು ಯಾರು?’ ಎಂದು ಫೋನಿನಲ್ಲೇ ಕೇಳಿ. ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ. ಹತ್ತಿರ, ಅಗ್ಗ ಎಂದು ಹೋಗಿ ಎರಡನೇ ಸಲ ಮಾಡಿಸಿದವರಿದ್ದಾರೆ. ಮಗುವಿನ ಮುಖ ತೋರಿಸುವ ತ್ರೀಡಿ ಫೋಟೊ ಪ್ಯಾಕೇಜಂತೂ ಇದಕ್ಕೆ ಬದಲಿಯಲ್ಲ.

ಎಂಆರ್‌ಐಗೆ ಇಷ್ಟು ಕಷ್ಟಪಡುವುದು ಯಾಕೆಂದರೆ, 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಮೆರಿಡಿಯನ್ ಅಧ್ಯಯನದಲ್ಲಿ ಮಿದುಳಿನ ತೊಂದರೆಯನ್ನು ಅಲ್ಟ್ರಾಸೌಂಡ್ ಶೇ 68ರಷ್ಟು ಸರಿಯಾಗಿ ಗುರುತಿಸಿದ್ದರೆ, ಎಂಆರ್‌ಐ ಸೇರಿದಾಗ ಅದು ಶೇ 93ಕ್ಕೇರಿತು.

ಆ ದಿನ ಹೇರ್‌ಪಿನ್, ಕಾಲುಂಗುರ, ಮಾಂಗಲ್ಯ ಎಲ್ಲ ತೆಗೆದಿಡಿ. ಮಾಂಗಲ್ಯಕ್ಕೆ ಹಿಂಜರಿಯುವ ಸೊಸೆಗೆ ಅತ್ತೆಯೇ ಧೈರ್ಯ ಹೇಳಲಿ. ಎಡಮಗ್ಗುಲಾಗಿ ಮಲಗಿದರೆ ಆರಾಮ. ಸದ್ದು ಜೋರು, ಆದರೆ ಎಕ್ಸ್‌ರೇಯಂಥ ವಿಕಿರಣವಿಲ್ಲ. ಚಿತ್ರ ಸ್ಪಷ್ಟವಾಗಲೆಂದು ಕೆಲವು ಎಂಆರ್‌ಐಗಳಲ್ಲಿ ಕೊಡುವ ಗ್ಯಾಡೋಲಿನಿಯಂ ಇಂಜೆಕ್ಷನ್ ಇದಕ್ಕೆ ಬೇಕಿಲ್ಲ. ಗಂಡೋ ಹೆಣ್ಣೋ ಎಂದು ಕೇಳಲೇಬೇಡಿ; ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಅದು ಅಪರಾಧ.

ಬರುವಾಗ ಸಿಡಿ ಕೇಳಿ ಪಡೆಯಿರಿ, ವಾಟ್ಸ್‌ಆ್ಯಪಿನ ಫೋಟೊ ಬೇಡ. ಅದನ್ನು ಹಿಡಿದು ಮಕ್ಕಳ ನರರೋಗ ತಜ್ಞರನ್ನೂ ಕಾಣಿ. ರಿಪೋರ್ಟ್ ನಾರ್ಮಲ್ ಬಂದರೂ ‘ಮತ್ತೆ ಯಾವಾಗ?’ ಎಂದು ಕೇಳಿಯೇ ಎದ್ದು ಬನ್ನಿ. ಮಿದುಳಿನ ಮಡಿಕೆಗಳು ಬಹುಪಾಲು ಮೂಡುವುದು ಕೊನೆಯ ತಿಂಗಳುಗಳಲ್ಲಿ. ಅವುಗಳ ದೋಷ 22ನೇ ವಾರದ ಚಿತ್ರದಲ್ಲಿ ಸಿಗದೇ ಹೋಗಬಹುದು.