ಒಂದೇ ದ್ರೌಪದಿ, ಇಬ್ಬರು ಕಲಾವಿದೆಯರು: ಹೋಲಿಸಿ ನೋಡುವುದು ಹೇಗೆ?

ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಜಾತ್ರೆಗೋ ಸುಗ್ಗಿ ಮುಗಿದ ಮೇಲೋ ಪೌರಾಣಿಕ ನಾಟಕ ಆಡುವಾಗ ಗಂಡು ಪಾರ್ಟುಗಳನ್ನು ಊರವರೇ ಹಂಚಿಕೊಳ್ಳುತ್ತಾರೆ. ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ವೃತ್ತಿ ಕಲಾವಿದೆಯರು ಬರುತ್ತಾರೆ. ಹಾಗಾಗಿ ಒಂದೇ ಬೇಸಿಗೆಯಲ್ಲಿ ಅದೇ ನಾಟಕದ ಅದೇ ದ್ರೌಪದಿಯನ್ನು ಈ ಊರಲ್ಲಿ ಒಬ್ಬರು, ಪಕ್ಕದ ಊರಲ್ಲಿ ಇನ್ನೊಬ್ಬರು ಮಾಡುವುದನ್ನು ನೋಡಲು ಸಿಗುತ್ತದೆ. ಆದರೆ ಮರುದಿನ ಕಟ್ಟೆಯ ಮೇಲೆ ನಡೆಯುವ ಚರ್ಚೆ ‘ಈಕೆಯ ಕಂಠ ಚಲೋ, ಆಕೆಯ ಮಾತು ಚಲೋ’ ಎಂಬಲ್ಲಿಗೆ ನಿಂತುಬಿಡುತ್ತದೆ. ರಾತ್ರಿಯಿಡೀ ನಿಂತು ಹಾಡಿದವರಿಗೆ ಅದಕ್ಕಿಂತ ಹೆಚ್ಚಿನ ಗಮನ ಸಲ್ಲಬೇಕು.

ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯ ದ್ರೌಪದಿಯನ್ನೇ ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿದೆ. ಈ ಭಾಗದಲ್ಲಿ ಹೆಚ್ಚು ಜನಕ್ಕೆ ಗೊತ್ತಿರುವ ಪಾರ್ಟು ಅದು. ಹಾಡೂ ಉಂಟು, ಉದ್ದುದ್ದ ಮಾತೂ ಉಂಟು.

ಹೋಗುವ ಮುಂಚೆ

ಇಡೀ ನಾಟಕವನ್ನು ಹೋಲಿಸಲು ಹೋಗಬೇಡಿ. ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಜಾವದವರೆಗೆ ನಡೆಯುವ ಆಟದಲ್ಲಿ ಎಲ್ಲವನ್ನೂ ನೆನಪಿಡಲು ಆಗದು. ಮೂರು ಘಟ್ಟ ಆರಿಸಿಕೊಳ್ಳಿ: ಮೊದಲ ಪ್ರವೇಶ, ಎದುರು ಪಾತ್ರದೊಂದಿಗೆ ವಾದದ ಮಾತಿರುವ ಒಂದು ಸೀನು, ಮತ್ತು ಮಲಗಿದ್ದ ಮಕ್ಕಳನ್ನು ಅಶ್ವತ್ಥಾಮ ಕೊಂದ ಮೇಲಿನ ಶೋಕ. ಮೊದಲನೆಯದು ಗಂಟಲು ತಾಜಾ ಇರುವಾಗ ಬರುತ್ತದೆ, ಕೊನೆಯದು ಗಂಟಲು ದಣಿದ ಹೊತ್ತಿಗೆ. ಇಬ್ಬರ ನಡುವಿನ ನಿಜವಾದ ವ್ಯತ್ಯಾಸ ಕಾಣುವುದು ಸಾಮಾನ್ಯವಾಗಿ ಆ ಕೊನೆಯದರಲ್ಲೇ.

ನಾಟಕದ ಪುಸ್ತಕ ಸಿಕ್ಕರೆ ಈ ಮೂರು ಸೀನುಗಳನ್ನು ಒಮ್ಮೆ ಗಟ್ಟಿಯಾಗಿ ಓದಿ. ಉದ್ದ ವಾಕ್ಯಗಳಲ್ಲಿ ಉಸಿರು ಎಲ್ಲಿ ತೆಗೆದುಕೊಂಡರೆ ಅರ್ಥ ಕೆಡುವುದಿಲ್ಲವೋ ಅಲ್ಲಿ ಪೆನ್ಸಿಲ್‌ನಿಂದ ಗೆರೆ ಹಾಕಿ. ಕಲಾವಿದೆ ನಿಮ್ಮ ಗೆರೆಯಲ್ಲೇ ಉಸಿರು ತೆಗೆದುಕೊಳ್ಳಬೇಕೆಂದೇನಿಲ್ಲ. ಅವರು ಎಲ್ಲಿ ತೆಗೆದುಕೊಂಡರು ಎಂದು ಗಮನಿಸಲು ನಿಮಗೊಂದು ಗುರುತು ಇರುತ್ತದೆ, ಅಷ್ಟೆ.

ನೋಟ್‌ಬುಕ್ಕಿನ ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಎಡಕ್ಕೆ ಒಬ್ಬರು, ಬಲಕ್ಕೆ ಇನ್ನೊಬ್ಬರು. ಸಾಧ್ಯವಾದರೆ ಒಬ್ಬೊಬ್ಬರನ್ನೂ ಎರಡು ಸಲ ನೋಡಿ: ಮೊದಲ ಸಲ ಕೈಯಲ್ಲಿ ಏನೂ ಇಲ್ಲದೆ, ಎರಡನೆಯ ಸಲ ಪುಸ್ತಕ ಹಿಡಿದು.

ಅವರದಲ್ಲದ್ದನ್ನು ಮೊದಲು ಕಳೆಯಿರಿ

ಹೆಚ್ಚಿನ ತಪ್ಪು ತೀರ್ಮಾನಗಳು ಹುಟ್ಟುವುದು ಇಲ್ಲಿ. ಕಲಾವಿದೆಯ ಲೆಕ್ಕಕ್ಕೆ ಹಾಕುವ ದೋಷಗಳಲ್ಲಿ ಬಹುಪಾಲು ಪೇಟಿಯದೋ (ಹಾರ್ಮೋನಿಯಂ) ಮೈಕಿನದೋ ಎದುರಿನವರದೋ ಆಗಿರುತ್ತದೆ.

ಮೊದಲು ಶ್ರುತಿ. ಪೇಟಿ ಮಾಸ್ತರರನ್ನೇ ಕೇಳಿ, ಯಾವ ಮನೆಯಿಂದ, ಅಂದರೆ ಪೇಟಿಯ ಯಾವ ಕಪ್ಪು ಅಥವಾ ಬಿಳಿ ಕೀಲಿಯನ್ನು ‘ಸ’ ಮಾಡಿಕೊಂಡು ನುಡಿಸುತ್ತಿದ್ದಾರೆಂದು. ಹೆಂಗಸರ ಕಂಠಕ್ಕೆ ಸಾಮಾನ್ಯವಾಗಿ ಒಗ್ಗುವುದು ಕಪ್ಪು ನಾಲ್ಕು, ಕಪ್ಪು ಐದು. ಗಂಡಸರು ಹೆಚ್ಚಾಗಿ ಬಿಳಿ ಒಂದರಿಂದ ಕಪ್ಪು ಎರಡರೊಳಗೆ ಹಾಡುತ್ತಾರೆ. ಹಳ್ಳಿಯ ಆಟದಲ್ಲಿ ಎಷ್ಟೋ ಸಲ ಊರ ಭೀಮನಿಗೆ, ದುರ್ಯೋಧನನಿಗೆ ಹೊಂದಿಸಿದ ಶ್ರುತಿಯೇ ಬೆಳಗಿನವರೆಗೂ ಇರುತ್ತದೆ. ಆಗ ಕಲಾವಿದೆಗೆ ಎರಡೇ ದಾರಿ. ಕೆಳಗೆ ಹಾಡಿದರೆ ಪಲ್ಲವಿಯೇ ಕೇಳಿಸದು, ಮೇಲೆ ಹಾಡಿದರೆ ಚರಣದಲ್ಲಿ ದನಿ ಸೀಳುತ್ತದೆ. ಅಂಥ ರಾತ್ರಿ ದನಿ ಒಡೆದದ್ದನ್ನು ದೋಷವೆಂದು ಬರೆಯಬೇಡಿ. ಒಡೆಯದಂತೆ ಅವರು ಹಾಡಿನ ಓಟವನ್ನು ಎಲ್ಲಿ ಬಾಗಿಸಿದರು ಎಂಬುದನ್ನು ಬರೆಯಿರಿ.

ಇಬ್ಬರೂ ಬೇರೆ ಬೇರೆ ಮನೆಯಿಂದ ಹಾಡಿದ್ದರೆ ಎತ್ತರದ ಸ್ವರಗಳನ್ನು ಹೆಸರಿನಿಂದ ಹೋಲಿಸಬಾರದು. ಕಪ್ಪು ಐದರಲ್ಲಿ ಹಾಡುವವರ ತಾರ ಸ್ಥಾಯಿಯ (ಮೇಲಿನ ಸಪ್ತಕದ) ಶುದ್ಧ ಗಾಂಧಾರ (ಗ), ಕಪ್ಪು ನಾಲ್ಕರಲ್ಲಿ ಹಾಡುವವರ ತೀವ್ರ ಮಧ್ಯಮಕ್ಕೆ (ಏರಿಸಿದ ಮ) ಸಮ. ‘ಇಬ್ಬರೂ ಗಾಂಧಾರಕ್ಕೇ ನಿಂತರು’ ಎಂದು ಬರೆದರೆ ಒಬ್ಬರಿಗೆ ಅನ್ಯಾಯವಾಗುತ್ತದೆ.

ಆಮೇಲೆ ಮೈಕು. ಮುಂದೆ ನಿಲ್ಲಿಸಿದ ಮೈಕುಗಳಾದರೆ ಕಲಾವಿದೆ ಪ್ರತಿ ಹಾಡಿಗೂ ಅಲ್ಲಿಗೇ ಬಂದು ನಿಲ್ಲಬೇಕು. ಓಡಾಟ ಕಡಿಮೆ ಕಂಡರೆ ಅದು ಆಕೆಯ ಆಯ್ಕೆಯಲ್ಲ. ಕಾಲರ್ ಮೈಕಾದರೆ ಸರ, ಸೆರಗು ತಾಗಿ ಗರಗರ ಸದ್ದು ಬರುತ್ತದೆ, ಪಿಸುದನಿಯೂ ಕೂಗಿನಷ್ಟೇ ದಪ್ಪಗೆ ಕೇಳುತ್ತದೆ. ಬಯಲಲ್ಲಿ ಒಬ್ಬರನ್ನು, ಬಳ್ಳಾರಿಯ ರಾಘವ ಕಲಾಮಂದಿರದಂಥ ಅಥವಾ ರಾಯಚೂರಿನ ಜಂಬಲದಿನ್ನಿ ರಂಗಮಂದಿರದಂಥ ಮುಚ್ಚಿದ ಜಾಗದಲ್ಲಿ ಇನ್ನೊಬ್ಬರನ್ನು ನೋಡಿದ್ದರೆ ದನಿಯ ತುಂಬುತನದ ಬಗ್ಗೆ ಏನೂ ಹೇಳದಿರುವುದೇ ವಾಸಿ. ಗೋಡೆ ಇರುವಲ್ಲಿ ಎಲ್ಲರ ದನಿಯೂ ತುಂಬಿಕೊಳ್ಳುತ್ತದೆ.

ಒಬ್ಬರನ್ನು ಎದುರಿಗೆ ಕೂತು ನೋಡಿ ಇನ್ನೊಬ್ಬರನ್ನು ಮೊಬೈಲ್ ರೆಕಾರ್ಡಿಂಗಿನಲ್ಲಿ ನೋಡಿ ಹೋಲಿಸುವುದಂತೂ ಬೇಡವೇ ಬೇಡ. ಮೊಬೈಲು ಸಣ್ಣ ದನಿಯನ್ನು ತಾನಾಗಿಯೇ ಏರಿಸುತ್ತದೆ, ದೊಡ್ಡದನ್ನು ತಗ್ಗಿಸುತ್ತದೆ. ದನಿಯ ಏರಿಳಿತವೇ ಅಳಿಸಿಹೋಗುತ್ತದೆ. ರೆಕಾರ್ಡಿಂಗಿನಿಂದ ನಂಬಬಹುದಾದ್ದು ಎರಡೇ: ಶ್ರುತಿ ಮತ್ತು ಲಯ.

ಕೂರುವ ಜಾಗ

ಮುಂದಿನಿಂದ ನಾಲ್ಕೈದನೆಯ ಸಾಲು, ನಡುವೆ. ಸೌಂಡ್ ಬಾಕ್ಸಿನ ಎದುರು ಬೇಡ. ಪೇಟಿ, ತಬಲಾ ಇರುವ ಬದಿಯೂ ಬೇಡ. ಎರಡೂ ಆಟಗಳಿಗೆ ಹೆಚ್ಚುಕಡಿಮೆ ಒಂದೇ ದೂರದಲ್ಲಿ ಕೂರಿ.

ಮಾತು ಹಾಡಾಗುವ ಜಾಗ

ಕಂಠವೊಂದನ್ನೇ ತೂಗಬೇಕಾದರೆ ಸಂಗೀತ ಕಚೇರಿ ಸಾಕು. ನಾಟಕದ ಹಾಡುಗಾರಿಕೆಯ ಸತ್ವ ಇರುವುದು ಮಾತು ಮುಗಿದು ಹಾಡು ಹುಟ್ಟುವ ಕೆಲವೇ ಕ್ಷಣಗಳಲ್ಲಿ. ಇಲ್ಲಿ ಹೆಚ್ಚು ಹೊತ್ತು ಕೊಡಿ.

ಮಾತಿನ ಕೊನೆಯ ವಾಕ್ಯ ನಡೆಯುತ್ತಿರುವಾಗಲೇ ಪೇಟಿ ಮಾಸ್ತರರು ಸಣ್ಣಗೆ ಸ್ವರ ಕೊಡುತ್ತಾರೆ. ಆ ಸ್ವರ ಕೇಳಿದ ಮೇಲೆ ಕಲಾವಿದೆಯ ಮಾತಿನ ದನಿ ಎತ್ತ ಹೋಗುತ್ತದೆ? ಪಳಗಿದವರು ಕೊನೆಯ ನಾಲ್ಕೈದು ಪದಗಳಲ್ಲಿ ಮಾತನ್ನೇ ಮೆಲ್ಲಗೆ ಎತ್ತುತ್ತ ಅಥವಾ ಇಳಿಸುತ್ತ, ಕಡೆಯ ಪದವನ್ನು ಷಡ್ಜದ (ಸ) ಮೇಲೋ ಪಂಚಮದ (ಪ) ಮೇಲೋ ತಂದು ಕೂರಿಸುತ್ತಾರೆ. ಹಾಡು ಎಲ್ಲಿ ಶುರುವಾಯಿತೆಂದು ಪ್ರೇಕ್ಷಕರಿಗೆ ತಿಳಿಯುವುದೇ ಇಲ್ಲ. ಪಳಗದವರಲ್ಲಿ ಮಾತು ಧಪ್ಪೆಂದು ನಿಲ್ಲುತ್ತದೆ, ಒಂದು ಉಸಿರು, ಮೈಕಿನತ್ತ ಎರಡು ಹೆಜ್ಜೆ, ಗಂಟಲು ಸರಿಪಡಿಸಿಕೊಂಡು ಆಲಾಪ. ಆ ಎರಡು ಹೆಜ್ಜೆಯಲ್ಲಿ ದ್ರೌಪದಿ ಮಾಯವಾಗಿ ಗಾಯಕಿ ನಿಂತಿರುತ್ತಾಳೆ. ಇಬ್ಬರಲ್ಲೂ ಈ ಜಾಗವನ್ನು ಗುರುತಿಸಿ: ನಡುವೆ ಎಷ್ಟು ಉಸಿರು ಬಿತ್ತು, ಕಣ್ಣು ಎದುರು ಪಾತ್ರದ ಮೇಲೆಯೇ ಇತ್ತೋ ಪೇಟಿಯ ಕಡೆ ಹೊರಳಿತೋ, ಕೈ ಮಾತಿನ ಭಂಗಿಯಲ್ಲೇ ಉಳಿಯಿತೋ.

ಹಾಡಿನಿಂದ ಹೊರಬರುವುದು ಇನ್ನೂ ಕಷ್ಟ. ಹಾಡು ಮುಗಿದೊಡನೆ ಚಪ್ಪಾಳೆ, ಶಿಳ್ಳೆ, ‘ಒನ್ಸ್ ಮೋರ್’ ಬೀಳುತ್ತವೆ. ಯಾರೋ ನೋಟು ಕೊಟ್ಟು ಮೈಕಿನಲ್ಲಿ ಹೆಸರು ಹೇಳಿಸುತ್ತಾರೆ. ಕಾಣಿಕೆ ಕೊಟ್ಟವರಿಗೆ ಕೈಮುಗಿಯಲೇಬೇಕು, ಅದು ವೃತ್ತಿಯ ಮರ್ಯಾದೆ. ನೋಡಬೇಕಾದ್ದು ಆಮೇಲೆ: ಮುಂದಿನ ಮಾತಿನ ಮೊದಲ ಪದಕ್ಕೇ ದುಃಖ ಮರಳಿತೇ, ಅಥವಾ ಮೂರು ನಾಲ್ಕು ವಾಕ್ಯ ಬೇಕಾಯಿತೇ? ವಾಕ್ಯಗಳನ್ನು ಎಣಿಸಿ ಬರೆದುಕೊಳ್ಳಿ. ‘ಒನ್ಸ್ ಮೋರ್’ಗೆ ಹಾಡಿದಾಗ ಮೊದಲಿನದನ್ನೇ ಒಪ್ಪಿಸಿದರೋ ಬೇರೆ ಸಾಲಿನ ಮೇಲೆ ಒತ್ತು ಕೊಟ್ಟರೋ ಎಂಬುದೂ ಒಳ್ಳೆಯ ಗುರುತು.

ಹಾಡಿನೊಳಗೆ

ತಾಳವಿಲ್ಲದ ಪದ್ಯವನ್ನೂ ತಾಳದ ರಂಗಗೀತೆಯನ್ನೂ ಬೇರೆ ಬೇರೆ ಇಟ್ಟುಕೊಳ್ಳಿ. ಪದ್ಯದಲ್ಲಿ ಆಲಾಪ ಎಲ್ಲಿ ನಿಂತಿತು ಎಂಬುದೇ ಮುಖ್ಯ. ಅರ್ಥ ಪೂರ್ತಿಯಾಗುವ ಪದದ ಮೇಲೆ ಎಳೆದರೆ ಭಾವ ಹೆಚ್ಚುತ್ತದೆ. ಪದದ ನಡುವೆ ಅನುಕೂಲಕ್ಕೆ ಸಿಕ್ಕ ‘ಆ’ಕಾರದ ಮೇಲೆ ಎಳೆದರೆ ಚಪ್ಪಾಳೆ ಬರುತ್ತದೆ, ಅರ್ಥ ತುಂಡಾಗುತ್ತದೆ. ಬಳ್ಳಾರಿ ಸೀಮೆಯಲ್ಲಿ ತೆಲುಗು ಪದ್ಯನಾಟಕದ ರುಚಿಯೂ ಇರುವುದರಿಂದ ಉದ್ದ ಆಲಾಪಕ್ಕೆ ಜನ ಕಾಯುತ್ತಾರೆ. ಉದ್ದವೇ ತಪ್ಪಲ್ಲ, ಅದು ಕುಳಿತ ಜಾಗ ನೋಡಿ.

ತಾಳದ ಹಾಡಿನಲ್ಲಿ ವೇಗ ಅಳೆಯಿರಿ. ಪಲ್ಲವಿಯಲ್ಲಿ 15 ಸೆಕೆಂಡಿಗೆ ಎಷ್ಟು ಮಾತ್ರೆ (ತಾಳದ ಎಣಿಕೆ) ಎಂದು ಬೆರಳಲ್ಲಿ ಎಣಿಸಿ ನಾಲ್ಕರಿಂದ ಗುಣಿಸಿ. ಕೊನೆಯ ಚರಣದಲ್ಲಿ ಮತ್ತೆ ಎಣಿಸಿ. 80 ಇದ್ದದ್ದು 96 ಆಗಿದ್ದರೆ ಯಾರೋ ಓಡಿಸಿದ್ದಾರೆ. ಸಾಹಿತ್ಯದ ಅಕ್ಷರಗಳು ತಬಲಾದ ಪೆಟ್ಟಿಗಿಂತ ಹಿಂದೆ ಬೀಳುತ್ತಿದ್ದರೆ ಓಡಿಸಿದ್ದು ತಬಲಾದವರು, ಮುಂದೆ ಬೀಳುತ್ತಿದ್ದರೆ ಕಲಾವಿದೆ.

ಶ್ರುತಿಯನ್ನು ಪೇಟಿ ಜೊತೆಗಿರುವಾಗ ತೂಗಿ ಫಲವಿಲ್ಲ. ಪೇಟಿ ಎಲ್ಲವನ್ನೂ ಮುಚ್ಚುತ್ತದೆ. ಪೇಟಿ ನಿಂತು ಅವರೊಬ್ಬರೇ ಹಾಡುವ ಸಾಲು ಹಿಡಿಯಿರಿ. ಪೇಟಿ ಮರಳಿ ಸೇರಿದಾಗ ದನಿ ಅದೇ ಜಾಗದಲ್ಲಿತ್ತೇ? ಶೋಕದ ಹಾಡಿನಲ್ಲಿ ಶ್ರುತಿ ಸಾಮಾನ್ಯವಾಗಿ ಕೆಳಗೆ ಜಾರುತ್ತದೆ, ಯಾಕೆಂದರೆ ನಿಜವಾಗಿ ಅತ್ತರೆ ಗಂಟಲು ಬಿಗಿಯುತ್ತದೆ. ಅಳುವನ್ನು ಮುಖದಲ್ಲಿ, ಹೆಗಲಿನಲ್ಲಿ ಇಟ್ಟುಕೊಂಡು ಗಂಟಲನ್ನು ಬಿಡುಗಡೆಯಾಗಿ ಉಳಿಸಿಕೊಳ್ಳುವುದು ಬಹಳ ವರ್ಷದ ದುಡಿಮೆಯಿಂದ ಬರುವ ವಿದ್ಯೆ. ಅದನ್ನು ಕಂಡರೆ ಹಾಳೆಯಲ್ಲಿ ದೊಡ್ಡದಾಗಿ ಬರೆದುಕೊಳ್ಳಿ.

ಮಾತು, ಮೈ

ಉಚ್ಚಾರಕ್ಕೆ ಐದಾರು ಪದಗಳನ್ನು ಮೊದಲೇ ಆರಿಸಿಡಿ: ಧರ್ಮ, ಶಪಥ, ಭೀಷ್ಮ, ಹಸ್ತಿನಾವತಿ, ಅಶ್ವತ್ಥಾಮ. ಮಹಾಪ್ರಾಣ, ಶಕಾರ, ಹಕಾರ ಮೊದಲ ಅಂಕದಲ್ಲಿ ಇದ್ದು ಬೆಳಗಿನ ಜಾವಕ್ಕೆ ಕಳಚಿದರೆ ಅದು ದಣಿವು; ಶುರುವಿನಿಂದಲೂ ಇಲ್ಲದಿದ್ದರೆ ತಾಲೀಮಿನ ಕೊರತೆ.

ದ್ರೌಪದಿಗೆ ಬಿಚ್ಚಿದ ಮುಡಿಯೇ ಆಯುಧ. ಒಬ್ಬರು ಅದನ್ನು ಪ್ರವೇಶದಿಂದಲೇ ಮುಂದಕ್ಕೆ ಹರಡಿ ತೋರಿಸುತ್ತಾರೆ. ಇನ್ನೊಬ್ಬರು ಬೆನ್ನ ಮೇಲೆಯೇ ಬಿಟ್ಟು, ವಾದದ ಸೀನಿನಲ್ಲಿ ಒಂದೇ ಸಲ ಮುಷ್ಟಿಯಲ್ಲಿ ಹಿಡಿಯುತ್ತಾರೆ. ಎಷ್ಟು ಸಲ ಬಳಸಿದರು, ಯಾವ ಮಾತಿಗೆ ಬಳಸಿದರು ಬರೆಯಿರಿ. ಕಡಿಮೆ ಬಳಸಿದ್ದು ಹೆಚ್ಚು ನಾಟುವುದೇ ಜಾಸ್ತಿ.

ಎದುರಿನ ಊರ ಕಲಾವಿದ ಮಾತು ಮರೆತು ನಿಂತಾಗ ಏನಾಯಿತೆಂಬುದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಹೊರಗಿನಿಂದ ಬಂದ ಕಲಾವಿದೆಗೆ ಆ ತಂಡದೊಂದಿಗೆ ಸಿಗುವುದು ಒಂದೆರಡು ತಾಲೀಮು ಮಾತ್ರ. ಆದರೂ ಅವನು ಹೇಳಬೇಕಿದ್ದ ಮಾತನ್ನೇ ‘ನೀನು ಹೀಗೆನ್ನುವೆಯಲ್ಲವೇ?’ ಎಂದು ಪ್ರಶ್ನೆಯಾಗಿ ತಿರುಗಿಸಿ ಕೊಟ್ಟು, ಪ್ರಾಂಪ್ಟರನ ದನಿ ಹೊರಗೆ ಕೇಳದಂತೆ ಸೀನನ್ನು ದಾಟಿಸುವವರಿದ್ದಾರೆ. ಸುಮ್ಮನೆ ಕಾದು ನಿಲ್ಲುವವರೂ ಇದ್ದಾರೆ. ಕಂಠದಷ್ಟೇ ತೂಕ ಇದಕ್ಕೂ ಕೊಡಿ.

ಬರೆಯುವಾಗ, ಹೇಳುವಾಗ

ನೂರಕ್ಕೆ ಇಷ್ಟು ಎಂದು ಅಂಕ ಕೂಡಿಸಬೇಡಿ. ಶೋಕದ ಹಾಡಿನಲ್ಲಿ ಗಳಿಸಿದ್ದು ಉಚ್ಚಾರದಲ್ಲಿ ಕಳೆದದ್ದಕ್ಕೆ ವಜಾ ಆಗುವಂಥದ್ದಲ್ಲ. ಘಟ್ಟವಾರು ಬರೆಯಿರಿ: ‘ವಾದದ ಸೀನಿನಲ್ಲಿ ಮೊದಲನೆಯವರು ಪ್ರತಿ ವಾಕ್ಯವನ್ನೂ ಕೆಳದನಿಯಲ್ಲಿ ಶುರುಮಾಡಿ ಕ್ರಿಯಾಪದದ ಮೇಲೆ ಎತ್ತಿದರು. ಎರಡನೆಯವರು ಮೊದಲ ಪದದಿಂದಲೇ ಎತ್ತಿದ್ದರಿಂದ ಕೊನೆಗೆ ಏರಲು ಜಾಗ ಉಳಿಯಲಿಲ್ಲ.’ ಓದಿದವರು ಒಪ್ಪದಿದ್ದರೂ ಮತ್ತೆ ಹೋಗಿ ಪರೀಕ್ಷಿಸಬಹುದು.

ಸತ್ತವರನ್ನು ಮೂರನೆಯ ಸ್ಪರ್ಧಿಯಾಗಿ ಕರೆತರಬೇಡಿ. ಬಳ್ಳಾರಿಯ ಸುಭದ್ರಮ್ಮ ಮನ್ಸೂರು (1939–2020) ಅವರ ದ್ರೌಪದಿಯನ್ನು ಕಂಡವರು ಇಲ್ಲಿ ಬಹಳ ಮಂದಿ ಇದ್ದಾರೆ. ಆ ನೆನಪಿನ ಎದುರು ಇಂದಿನ ಯಾರನ್ನು ನಿಲ್ಲಿಸಿದರೂ ಸೋಲುತ್ತಾರೆ, ಏಕೆಂದರೆ ನೆನಪಿನಲ್ಲಿ ಒಡೆದ ದನಿ ಇರುವುದಿಲ್ಲ. ಬಣ್ಣ, ಮೈಕಟ್ಟು, ವಯಸ್ಸು, ಮನೆತನ ಹೋಲಿಕೆಯ ಹಾಳೆಗೆ ಬರಲೇಬಾರದು. ಅವನ್ನು ಎಳೆದು ತಂದವರಿಂದ ಈ ವೃತ್ತಿಯ ಹೆಣ್ಣುಮಕ್ಕಳು ಸಾಕಷ್ಟು ನೊಂದಿದ್ದಾರೆ.

ಕಲಾವಿದೆಗೇ ಹೇಳುವುದಿದ್ದರೆ ಬೆಳಗಿನ ಜಾವ ಬಣ್ಣ ತೆಗೆಯುವ ಹೊತ್ತಿನಲ್ಲಿ ಬೇಡ. ಆಗ ಒಂದು ಲೋಟ ಬಿಸಿನೀರು ಕೊಡಿ, ಸಾಕು. ನಿದ್ದೆ ಮುಗಿದ ಮೇಲೆ ಫೋನಿನಲ್ಲಿ, ‘ಅಮ್ಮಾ, ಶೋಕದ ಹಾಡಿನ ಎರಡನೆಯ ಚರಣದಲ್ಲಿ ಪೇಟಿ ನಿಂತಾಗ ನಿಮ್ಮ ಸ್ವರ ಅಲ್ಲಾಡಲಿಲ್ಲ’ ಎಂದು ಜಾಗ ಹಿಡಿದು ಹೇಳಿ. ಇನ್ನೊಬ್ಬರ ಹೆಸರನ್ನು ಆ ಮಾತಿನಲ್ಲಿ ತರಬೇಡಿ.