ಪ್ಯಾಸೇಜ್ ಕೊನೆಗೆ ಕಿಟಕಿ ಇಡಬೇಕಾ? ಮೊದಲು ಮಳೆ ಬರುವ ದಿಕ್ಕು ನೋಡಿ

ಪ್ಲಾನ್ ಕೈಗೆ ಬಂದ ಕೂಡಲೇ ಎಲ್ಲರೂ ನೋಡುವುದು ಹಾಲ್ ಎಷ್ಟು ದೊಡ್ಡದು, ಕಿಚನ್ ಯಾವ ಮೂಲೆಗೆ ಅಂತ. ಬೆಡ್‌ರೂಮ್‌ಗಳ ನಡುವೆ ಹೋಗುವ ಆ ಮೂರೂವರೆ ಅಡಿ ಅಗಲದ ಪ್ಯಾಸೇಜ್ ಯಾರ ಕಣ್ಣಿಗೂ ಬೀಳುವುದಿಲ್ಲ. ಒಕ್ಕಲಾದ ಮೇಲೆ ಗೊತ್ತಾಗುತ್ತದೆ, ಮಧ್ಯಾಹ್ನ ಹನ್ನೆರಡಕ್ಕೂ ಅಲ್ಲಿ ಲೈಟ್ ಬೇಕು, ಜುಲೈ ಬಂದರೆ ಮೂಲೆಯಲ್ಲಿ ಬೂಸ್ಟು, ಸಾಲದ್ದಕ್ಕೆ ಒಗೆದ ಬಟ್ಟೆ ಒಣಗಿಸಲು ಹಗ್ಗ ಕಟ್ಟುವುದೂ ಅಲ್ಲಿಯೇ.

ನನ್ನ ಉತ್ತರ: ಇಡಿ. ಮಂಗಳೂರು, ಉಡುಪಿಯಲ್ಲಿ ಮನೆ ಕಟ್ಟುವವರು ಖಂಡಿತ ಇಡಿ. ಆದರೆ ಒಂದು ಷರತ್ತು. ಮಳೆ ಸುರಿಯುವಾಗಲೂ ತೆರೆದಿಡಲು ಆಗುವಂಥ ಕಿಟಕಿ ಇರಬೇಕು. ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಮುಚ್ಚಿಯೇ ಇಡಬೇಕಾದ ಕಿಟಕಿ ಬರೀ ಗಾಜಿನ ಗೋಡೆ, ಬೆಳಕು ಬರಬಹುದು, ಗಾಳಿ ಬರುವುದಿಲ್ಲ. ಹೊರಗಿನ ಗಾಳಿಯೂ ಆಗ ಒದ್ದೆಯೇ, ನಿಜ. ಆದರೂ ಓಡಾಡುವ ಗಾಳಿಯಲ್ಲಿ ಬೂಸ್ಟು ಅಷ್ಟು ಬೇಗ ಹಿಡಿಯುವುದಿಲ್ಲ, ನಿಂತ ಗಾಳಿಯಲ್ಲಿ ಹಿಡಿಯುತ್ತದೆ.

ಹಾಗಾಗಿ ಪ್ಯಾಸೇಜ್ ಯಾವ ದಿಕ್ಕಿಗೆ ಮುಗಿಯುತ್ತದೆ ಅಂತ ಮೊದಲು ನೋಡಿ.

ಉತ್ತರ ಅಥವಾ ಪೂರ್ವ ಆದರೆ ಜಾಸ್ತಿ ಯೋಚನೆ ಬೇಡ. ಉತ್ತರದ ಬೆಳಕು ವರ್ಷದ ಹೆಚ್ಚಿನ ತಿಂಗಳು ಮೆದುವಾಗಿರುತ್ತದೆ, ಸೂರ್ಯ ನಮ್ಮ ತಲೆಯಿಂದ ಉತ್ತರಕ್ಕೆ ವಾಲುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ದಿನ ಮೋಡವೇ. ಪೂರ್ವಕ್ಕೆ ಬೆಳಗ್ಗಿನ ಬಿಸಿಲು ಬರುತ್ತದೆ, ಬರಲಿ, ಒದ್ದೆ ಪ್ಯಾಸೇಜಿಗೆ ಅದು ಒಳ್ಳೆಯದೇ. ದಕ್ಷಿಣಕ್ಕೆ ಕಿಟಕಿ ಮೇಲೆ ಎರಡು ಅಡಿ ಹೊರಚಾಚುವ ಸಜ್ಜ ಸಾಕು. ಡಿಸೆಂಬರ್‌ನಲ್ಲಿ ಸೂರ್ಯ ಅತಿ ಕೆಳಗಿರುವಾಗಲೂ ಮಧ್ಯಾಹ್ನ ಅದರ ನೆರಳು ಎರಡೂವರೆ ಅಡಿಗೂ ಸ್ವಲ್ಪ ಕೆಳಗಿನವರೆಗೆ ಬೀಳುತ್ತದೆ.

ತಲೆಬಿಸಿ ಇರುವುದು ಪಶ್ಚಿಮದ್ದು. ಆಸೆ ಹುಟ್ಟಿಸುವ ದಿಕ್ಕೂ ಅದೇ, ಯಾಕೆಂದರೆ ಮಧ್ಯಾಹ್ನದ ಕಡಲ ಗಾಳಿ ಬರುವುದು ಅಲ್ಲಿಂದ, ಏಪ್ರಿಲ್‌ನಲ್ಲಿ ಆ ಗಾಳಿ ಮನೆಯೊಳಗೆ ಹಾದು ಹೋದರೆ ಫ್ಯಾನ್ ಬೇಡ ಅನ್ನಿಸುತ್ತದೆ. ಆದರೆ ಮಳೆಯ ಎರಚಲು ಬರುವುದೂ ಪಶ್ಚಿಮ, ನೈಋತ್ಯದಿಂದಲೇ, ಸಂಜೆಯ ಸುಡು ಬಿಸಿಲೂ ಅಲ್ಲಿಂದಲೇ. ಹಳಬರು ಸುಮ್ನೆ ಪಡುವಣಕ್ಕೆ ಮಾಡು ಇಳಿಸಿ, ಮಳೆಗಾಲಕ್ಕೆ ಮೊದಲು ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದದ್ದಲ್ಲ. ಪ್ಯಾಸೇಜ್ ಪಶ್ಚಿಮಕ್ಕೆ ಮುಗಿಯುತ್ತದೆ ಅಂದರೆ ದೊಡ್ಡ ಕಿಟಕಿ ಬೇಡ. ಲಿಂಟಲ್‌ಗೆ (ಕಿಟಕಿ, ಬಾಗಿಲ ಮೇಲೆ ಗೋಡೆಯ ಭಾರ ಹೊರುವ ಅಡ್ಡ ತೊಲೆ) ತಾಗಿದಂತೆ ಮೇಲೆ, ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು ಸಾಕು. ಅದರ ಮೇಲೆ ಮೂರು ಅಡಿ ಹೊರಬರುವ ಸಜ್ಜ, ಸಾಧ್ಯವಾದರೆ ಇಳಿಜಾರಾಗಿ, ಮೇಲೆ ಹಂಚು ಹಾಕಿ. ಕಾಂಕ್ರೀಟ್ ಸಜ್ಜ ಚಪ್ಪಟೆಯಾಗಿದ್ದರೆ ಅದರ ಮೇಲೆ ನೀರು ನಿಂತು ಗೋಡೆಗೆ ಇಳಿಯುತ್ತದೆ. ಸಂಜೆ ಬಿಸಿಲನ್ನು ಮಾತ್ರ ಎಷ್ಟು ಉದ್ದದ ಸಜ್ಜವೂ ತಡೆಯುವುದಿಲ್ಲ, ಸೂರ್ಯ ಎದುರಿಗೇ ಇರುತ್ತಾನೆ. ಅದಕ್ಕೆ ಹೊರಗೊಂದು ಮರ, ಬಿದಿರಿನ ತಟ್ಟಿ, ಅಥವಾ ತೂತುಗಳಿರುವ ಮಣ್ಣಿನ ಜಾಲಿ ಬ್ಲಾಕ್.

ಗಾಳಿಗೆ ಒಂದು ಕಡೆ ತೂತಿದ್ದರೆ ಸಾಲದು. ಬಂದ ಗಾಳಿ ಹೋಗಲಿಕ್ಕೂ ದಾರಿ ಬೇಕು, ಬಂದ ದಾರಿಗಿಂತ ಅದು ಸಣ್ಣದಾಗಬಾರದು. ರಾತ್ರಿ ಬೆಡ್‌ರೂಮ್ ಬಾಗಿಲುಗಳೆಲ್ಲ ಮುಚ್ಚಿದರೆ ಪ್ಯಾಸೇಜ್ ಡಬ್ಬಿಯ ಹಾಗೆ ಆಗುತ್ತದೆ, ಆಮೇಲೆ ಕೊನೆಯ ಕಿಟಕಿ ಇದ್ದೂ ಪ್ರಯೋಜನ ಇಲ್ಲ. ಪ್ರತಿ ಬಾಗಿಲ ಮೇಲೆ ವೆಂಟಿಲೇಟರ್ ಬಿಡಿಸಿ. ಹಳೆಯ ಮನೆಗಳಲ್ಲಿ ಇದು ಇದ್ದೇ ಇತ್ತು, ಎ.ಸಿ. ಬಂದ ಮೇಲೆ ಎಲ್ಲರೂ ಮುಚ್ಚಿಸಿದರು. ಎ.ಸಿ. ಹಾಕುವ ರೂಮಿಗೆ ಗಾಜಿನ, ತೆರೆದು ಮುಚ್ಚುವ ವೆಂಟಿಲೇಟರ್ ಕೊಟ್ಟರೆ ಎರಡೂ ಆಯಿತು.

ಇನ್ನು ಕಣ್ಣಿಗೆ ಹೊಡೆಯುವ ಬೆಳಕು. ಉದ್ದ, ಕತ್ತಲೆ ಪ್ಯಾಸೇಜ್, ಕೊನೆಯಲ್ಲಿ ಒಂದೇ ಒಂದು ದೊಡ್ಡ ಕಿಟಕಿ. ಎದುರಿನಿಂದ ಬರುವವರ ಮುಖ ಕಪ್ಪಾಗಿ ಕಾಣುತ್ತದೆ, ಪಾಲಿಶ್ ಟೈಲ್ಸ್ ಇದ್ದರೆ ನೆಲವೂ ಮಿಂಚುತ್ತದೆ, ನೆಲದಲ್ಲಿ ನೀರು ಚೆಲ್ಲಿದ್ದರೆ ಕಾಣುವುದೇ ಇಲ್ಲ. ವಯಸ್ಸಾದವರು ಇರುವ ಮನೆಯಲ್ಲಿ ಇದನ್ನು ಹಗುರ ಮಾಡಬೇಡಿ. ಕಿಟಕಿಯನ್ನು ಕೊನೆಯ ಗೋಡೆಯ ನಡುವಿನ ಬದಲು ಒಂದು ಪಕ್ಕದ ಗೋಡೆಗೆ ಅಂಟಿಸಿಟ್ಟರೆ ಬೆಳಕು ಆ ಗೋಡೆಯ ಮೇಲೆ ಜಾರಿ ಒಳಗೆ ಬರುತ್ತದೆ, ಕಣ್ಣಿಗೆ ಹೊಡೆಯುವುದು ಎಷ್ಟೋ ಕಮ್ಮಿ. ಗೋಡೆಗೆ ಬಿಳಿ ಅಥವಾ ಕೆನೆ ಬಣ್ಣ, ನೆಲಕ್ಕೆ ಮ್ಯಾಟ್ ಟೈಲ್ಸ್ ಅಥವಾ ರೆಡ್ ಆಕ್ಸೈಡ್.

ಯಾವ ರೀತಿಯ ಕಿಟಕಿ? ಸ್ಲೈಡಿಂಗ್ ನನಗೆ ಇಲ್ಲಿ ಇಷ್ಟ ಇಲ್ಲ. ಮಳೆಯಲ್ಲಿ ತೆರೆಯಲು ಆಗುವುದಿಲ್ಲ, ತೆರೆದರೂ ಅರ್ಧವೇ. ಹಾಕಲೇಬೇಕು ಅಂದರೆ ಕೆಳಗಿನ ಟ್ರ್ಯಾಕ್‌ನಲ್ಲಿ ನೀರು ಹೊರಹೋಗುವ ತೂತುಗಳಿವೆಯಾ ಅಂತ ನೋಡಿ, ಕೂರಿಸುವವರು ಸಿಲಿಕಾನ್ ಹಚ್ಚುವಾಗ ಅದನ್ನೇ ಮುಚ್ಚಿಬಿಡುತ್ತಾರೆ. ಮೇಲ್ಗಡೆ ಹಿಂಜ್ ಇದ್ದು ಕೆಳಗಿನಿಂದ ಹೊರಕ್ಕೆ ತಳ್ಳುವ ಕಿಟಕಿ ಬೆಸ್ಟ್, ಅದರ ಬಾಗಿಲೇ ಕೊಡೆಯಾಗುತ್ತದೆ. ಗಾಜಿನ ಲೂವರ್ (ಒಂದರ ಕೆಳಗೊಂದು ಓರೆಯಾಗಿ ಕೂರಿಸಿದ ಗಾಜಿನ ಪಟ್ಟಿಗಳು) ಕೂಡ ಆಗಬಹುದು, ಸೊಳ್ಳೆ ನೆಟ್ ಒಳಗಡೆಯಿಂದ ಹಾಕಿಸಿ. ಕೆಳಗಿನ ಗ್ರಾನೈಟ್ ಹೊರಕ್ಕೆ ಇಳಿಜಾರಾಗಿರಲಿ, ಗೋಡೆಯಿಂದ ಒಂದೂವರೆ ಇಂಚು ಹೊರಬರಲಿ, ಅಡಿಯಲ್ಲಿ ಒಂದು ಗೆರೆ ಕೊರೆಸಿ. ನೀರು ಆ ಗೆರೆಯಲ್ಲೇ ತೊಟ್ಟಿಕ್ಕುತ್ತದೆ, ಗೋಡೆಗೆ ಹಿಂದೆ ಹರಿಯುವುದಿಲ್ಲ. ಮುರಕಲ್ಲಿನ (ಕೆಂಪು ಕಲ್ಲಿನ) ಗೋಡೆ ನೀರು ಕುಡಿಯುತ್ತದೆ, ಈ ಗೆರೆ ಮರೆತರೆ ಎರಡನೇ ಮಳೆಗಾಲಕ್ಕೇ ಕಿಟಕಿ ಕೆಳಗೆ ಪೈಂಟ್ ಏಳುತ್ತದೆ. ಮಲ್ಪೆ, ಸುರತ್ಕಲ್, ಉಳ್ಳಾಲದಂಥ ಕಡಲ ಬದಿಯಲ್ಲಿ ಕಬ್ಬಿಣದ ಗ್ರಿಲ್ ತುಕ್ಕಿಗೇ ಹೋಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಿಸುವುದಾದರೆ 304 ಗ್ರೇಡ್ ಅಲ್ಲ, 316 ಗ್ರೇಡ್ ಕೇಳಿ. ರೇಟ್ ಜಾಸ್ತಿ, ಆದರೆ ಉಪ್ಪು ಗಾಳಿಗೆ ತಡೆಯುತ್ತದೆ.

ಕಟ್ಟಿ ಆದ ಮನೆಗೆ ಈಗ ಕಿಟಕಿ ಒಡೆಸುವುದಾದರೆ ಮೇಸ್ತ್ರಿಯೊಬ್ಬರನ್ನೇ ನಂಬಿ ಹೊರಡಬೇಡಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಪಿಲ್ಲರ್ ಇಲ್ಲ, ಮುರಕಲ್ಲಿನ ಗೋಡೆಯೇ ಸ್ಲ್ಯಾಬ್ ಹೊತ್ತಿರುತ್ತದೆ. ಇಂಜಿನಿಯರ್ ನೋಡಲಿ, ಮೊದಲು ಆಸರೆ ಕೊಟ್ಟು, ಎರಡೂ ಬದಿ ಕನಿಷ್ಠ ಆರು ಇಂಚು ಗೋಡೆಯ ಮೇಲೆ ಕೂರುವ ಲಿಂಟಲ್ ಹಾಕಿ, ಆಮೇಲೆ ಕೆಳಗೆ ಕಲ್ಲು ತೆಗೆಯಬೇಕು. ಆ ಗೋಡೆಯಿಂದ ಪಕ್ಕದವರ ಗಡಿಗೆ ಎಷ್ಟು ಜಾಗ ಬಿಟ್ಟಿದೆ ಅಂತಲೂ ಇಂಜಿನಿಯರ್ ಹತ್ತಿರವೇ ಕೇಳಿ. ಮೇಲೆ ಹಂಚಿನ ಮಾಡು ಇದ್ದರೆ ಗೋಡೆ ಮುಟ್ಟದೆಯೇ ಎರಡು ಗಾಜಿನ ಹಂಚು ಹಾಕಿ ನೋಡಿ, ಬೆಳಕಿನ ಕೆಲಸ ಅಲ್ಲಿಗೇ ಮುಗಿಯುತ್ತದೆ. ಫ್ಲ್ಯಾಟ್‌ನವರಿಗೆ ಹೊರಗಿನ ಗೋಡೆ ಒಡೆಯುವ ಮಾತಿಲ್ಲ, ರೂಮಿನ ಬಾಗಿಲ ಮೇಲೆ ಗಾಜು ಕೂರಿಸಿದರೆ ಒಳಗಿನ ಬೆಳಕು ಪ್ಯಾಸೇಜಿಗೂ ಸಿಗುತ್ತದೆ.

ಮತ್ತೊಂದು, ಕಿಟಕಿ ಇಟ್ಟ ಮೇಲೆ ಗಾಳಿಗೆ ರೂಮಿನ ಬಾಗಿಲುಗಳು ಧಡಾರ್ ಅಂತ ಬಡಿಯುತ್ತವೆ. ಮಕ್ಕಳ ಬೆರಳು ಸಿಕ್ಕಿಕೊಳ್ಳುವ ಮೊದಲು ಎಲ್ಲ ಬಾಗಿಲಿಗೂ ಮ್ಯಾಗ್ನೆಟ್ ಸ್ಟಾಪರ್ ಹಾಕಿಸಿ.