ಮೊದಲ ಡ್ರಮ್ ಸೆಟ್: ಎಣಿಸಿ ಕೊಳ್ಳಬೇಡಿ, ಬಿಚ್ಚಿ ನೋಡಿ ಕೊಳ್ಳಿ

ಡ್ರಮ್ ಸೆಟ್ ಕೊಳ್ಳಲು ಹೋದವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಡ್ರಮ್ಮುಗಳನ್ನು ಎಣಿಸುವುದು. ಅದೇ ಬೆಲೆಗೆ ನಾಲ್ಕರ ಬದಲು ಏಳು ಸಿಗುವುದಾದರೆ ಏಳನ್ನೇ ಹೊತ್ತು ತರುತ್ತಾರೆ. ಕೆಲವೇ ತಿಂಗಳಲ್ಲಿ ಕಾಲಿನಿಂದ ಬಾರಿಸುವ ಪೆಡಲ್ ಓಲಾಡತೊಡಗುತ್ತದೆ, ಲೋಹದ ಬಿಲ್ಲೆಯಂಥ ಸಿಂಬಲ್ ಊಟದ ತಟ್ಟೆ ಬಡಿದಂತೆ ಕೇಳಿಸುತ್ತದೆ, ಕೂತ ಸ್ಟೂಲು ಮೆಲ್ಲಗೆ ಕೆಳಗಿಳಿಯುತ್ತದೆ. ಕಡೆಗೆ ಹುಡುಗನಿಗೆ ಆಸಕ್ತಿಯೇ ಇಲ್ಲವೆಂಬ ತೀರ್ಮಾನವಾಗಿ ಸೆಟ್ಟು ಅಟ್ಟ ಸೇರುತ್ತದೆ. ಮೊದಲ ಸೆಟ್ಟಿನಲ್ಲಿ ಹಣ ಸುರಿಯಬೇಕಾದದ್ದು ಪೆಡಲ್, ಆಸನ ಮತ್ತು ಸಿಂಬಲ್ಲುಗಳಿಗೆ. ಡ್ರಮ್ಮುಗಳ ಸಂಖ್ಯೆ ಕಡೆಯ ವಿಚಾರ.

ಅಂಗಡಿಗೆ ಹೋಗುವ ಮುನ್ನ ಮನೆಯನ್ನು ನೋಡಿಕೊಳ್ಳಬೇಕು. ಡ್ರಮ್ಮಿನ ಸದ್ದು ಸುಲಭವಾಗಿ 100 ಡೆಸಿಬಲ್ ದಾಟುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಇರುವ ಮಿತಿ ಹಗಲಿಗೆ 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಹಾಗಾಗಿ ಅಪಾರ್ಟ್‌ಮೆಂಟಿನಲ್ಲಿ ಇರುವವರು ವಾದ ಮಾಡದೆ ಎಲೆಕ್ಟ್ರಾನಿಕ್ ಸೆಟ್ ಕೊಳ್ಳುವುದೇ ಸರಿ. ಅದರಲ್ಲಿಯೂ ಜಾಲರಿಯ ಹೆಡ್ (ಬಾರಿಸುವ ಮೇಲ್ಮೈ) ಇರುವುದನ್ನೇ ಆರಿಸಿಕೊಳ್ಳಿ. ರೋಲ್ಯಾಂಡ್ ಕಂಪನಿ 1997ರಲ್ಲಿ ವಿ-ಡ್ರಮ್ಸ್ ಎಂಬ ತನ್ನ ಎಲೆಕ್ಟ್ರಾನಿಕ್ ಸೆಟ್ಟಿನ ಜೊತೆಗೆ ತಂದ ಈ ಜಾಲರಿ ಈಗ ಕಡಿಮೆ ಬೆಲೆಯ ಸೆಟ್ಟುಗಳಲ್ಲೂ ಸಿಗುತ್ತದೆ. ಗಟ್ಟಿ ರಬ್ಬರಿನ ಪ್ಯಾಡ್ ಮಣಿಕಟ್ಟನ್ನು ದಣಿಸುತ್ತದೆ, ಅದರ ಟಪಟಪ ಸದ್ದೂ ಹೆಚ್ಚು. ಹೆಡ್‌ಫೋನ್ ಹಾಕಿಕೊಂಡರೂ ಕಿಕ್ ಪೆಡಲಿನ ಅದುರುವಿಕೆ ನೆಲದ ಮೂಲಕ ಕೆಳಗಿನ ಮನೆಗೆ ಇಳಿಯುವುದರಿಂದ, ದಪ್ಪ ರಬ್ಬರ್ ಹಾಸನ್ನೂ ಖರ್ಚಿನ ಪಟ್ಟಿಗೆ ಸೇರಿಸಿಕೊಳ್ಳಿ. ಆರ್ಕೆಸ್ಟ್ರಾಗಳಲ್ಲಿ ಸ್ಟಿಕ್ಕಿನಿಂದ ಬಾರಿಸುವ ಎಲೆಕ್ಟ್ರಾನಿಕ್ ಪ್ಯಾಡುಗಳ ವಾದ್ಯವಾದ ಆಕ್ಟೋಪ್ಯಾಡ್ ನುಡಿಸುವವರನ್ನು ಕಂಡು ಮಕ್ಕಳಿಗೂ ಅದನ್ನೇ ಕೊಡಿಸುವ ತಂದೆತಾಯಿಗಳಿದ್ದಾರೆ. ಅದು ಒಳ್ಳೆಯ ವಾದ್ಯವೇ ಹೌದು, ಆದರೆ ಕೈಗಷ್ಟೇ ಕೆಲಸ ಕೊಡುತ್ತದೆ. ಡ್ರಮ್ಸ್ ಕಲಿಕೆಯಲ್ಲಿ ಅರ್ಧ ಪಾಠ ಕಾಲಿನದು.

ಸ್ವಂತ ಮನೆ, ಸಹನೆಯುಳ್ಳ ನೆರೆಹೊರೆ ಇದ್ದರೆ ನಿಜವಾದ ಡ್ರಮ್ ಸೆಟ್ಟನ್ನೇ ತನ್ನಿ. ಪೆಡಲಿನಿಂದ ಬಾರಿಸುವ 20 ಅಥವಾ 22 ಇಂಚಿನ ಬಾಸ್ ಡ್ರಮ್, ತಳದಲ್ಲಿ ತಂತಿಗಳಿರುವ 14 ಇಂಚಿನ ಸ್ನೇರ್, ತಂತಿಯಿಲ್ಲದ 12 ಇಂಚಿನ ಒಂದು ಟಾಮ್, ನೆಲದ ಮೇಲೆ ನಿಲ್ಲುವ 14 ಅಥವಾ 16 ಇಂಚಿನ ಫ್ಲೋರ್ ಟಾಮ್: ಇಷ್ಟು ಸಾಕು. ಪಾಪ್ಲರ್, ಬರ್ಚ್, ಮೇಪಲ್ ಎಂಬ ಮರದ ಚರ್ಚೆಯನ್ನು ಎರಡನೆಯ ಸೆಟ್ಟಿಗೆ ಬಿಡಿ.

ಸಿಂಬಲ್ಲುಗಳಲ್ಲಿ ಲೋಹವನ್ನು ಕೇಳಿ ಕೊಳ್ಳಬೇಕು. ಅಗ್ಗದ ಸೆಟ್ಟಿನ ಜೊತೆ ಬರುವವು ಸಾಮಾನ್ಯವಾಗಿ ಹಿತ್ತಾಳೆಯವು. ಅವುಗಳ ಸದ್ದು ಬೇಗ ಸತ್ತುಹೋಗುತ್ತದೆ. ಕಂಚಿನವು ಬೇಕು. ಬಿ8 ಎಂದರೆ ತಾಮ್ರಕ್ಕೆ ಶೇ 8ರಷ್ಟು ತವರ ಬೆರೆಸಿದ ಕಂಚು, ಬಿ20 ಎಂದರೆ ಶೇ 20ರಷ್ಟು. ಮೊದಲ ಸೆಟ್ಟಿಗೆ ಬಿ8 ಧಾರಾಳವಾಯಿತು. ಒಟ್ಟು ಹಣದಲ್ಲಿ ಮೂರನೆಯ ಒಂದು ಭಾಗವನ್ನಾದರೂ ಕಾಲಿನಿಂದ ಮುಚ್ಚಿ ತೆರೆಯುವ 14 ಇಂಚಿನ ಹೈ-ಹ್ಯಾಟ್ ಜೋಡಿ ಮತ್ತು ಬಿಡದೆ ಲಯ ಹಿಡಿಯುವ 20 ಇಂಚಿನ ರೈಡ್‌ಗೆ ತೆಗೆದಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಒತ್ತು ಕೊಡಲು ಬಾರಿಸುವ 16 ಇಂಚಿನ ಕ್ರ್ಯಾಶ್ ಆಮೇಲೆ ಬಂದರೂ ನಡೆಯುತ್ತದೆ.

ಈ ಲೆಕ್ಕ ಹಾಕಿದ ಮೇಲೆ ಬಹಳ ಮಂದಿ ಸೆಕೆಂಡ್ ಹ್ಯಾಂಡ್ ಕಡೆಗೆ ತಿರುಗುತ್ತಾರೆ. ಅದು ಜಾಣತನವೇ, ಆದರೆ ಜನ ಎಡವುವುದೂ ಇಲ್ಲಿಯೇ. ಮಾರುವವರು ಯಾರೆಂಬುದನ್ನು ಮೊದಲು ತಿಳಿದುಕೊಳ್ಳಿ. ಕಲಿಕೆ ಬಿಟ್ಟ ಮಕ್ಕಳ ಮನೆಯ ಸೆಟ್ಟು ಹೆಚ್ಚು ಸವೆದಿರುವುದಿಲ್ಲ. ಗಣೇಶೋತ್ಸವದಿಂದ ಗಣೇಶೋತ್ಸವಕ್ಕೆ ಟೆಂಪೋದಲ್ಲಿ ಓಡಾಡಿದ ಆರ್ಕೆಸ್ಟ್ರಾ ಸೆಟ್ಟಿನಲ್ಲಿ ಸ್ಟ್ಯಾಂಡುಗಳ ತಿರುಪಿನ ಮರೆಗಳು ಸವೆದು, ಎಷ್ಟು ತಿರುಗಿಸಿದರೂ ಹಿಡಿಯದ ಸ್ಥಿತಿಗೆ ಬಂದಿರುತ್ತವೆ. ಕರಾವಳಿಯ ಸೆಟ್ಟಾದರೆ ಸ್ಪ್ರಿಂಗು, ಬೋಲ್ಟುಗಳ ಸಂದಿಯಲ್ಲಿ ತುಕ್ಕು ಹುಡುಕಿ. ಹೊರಮೈ ಒರೆಸಿ ಹೊಳೆಯಿಸುವುದು ಯಾರಿಗೂ ಕಷ್ಟವಲ್ಲ.

ಬಳಿಕ ಒಂದು ಟಾಮಿನ ಎರಡೂ ಹೆಡ್ಡುಗಳನ್ನು ಬಿಚ್ಚಿಸಬೇಕು. ಇದಕ್ಕೆ ಬೇಕಾದದ್ದು ಒಂದು ಡ್ರಮ್ ಕೀ ಮತ್ತು ಸ್ವಲ್ಪ ತಾಳ್ಮೆ. ಹೆಡ್ಡನ್ನು ಬಿಗಿದಿಡುವ ರಾಡುಗಳು ಸಡಿಲವಾದ ಮೇಲೆ ಬೆರಳಿನಲ್ಲೇ ತಿರುಗಬೇಕು. ನಡುವೆ ಕಚ್ಚಿಕೊಂಡರೆ ಮರೆ ಕೆಟ್ಟಿದೆ ಎಂದರ್ಥ. ಹೆಡ್ ಕೂರುವ ಮರದ ಅಂಚಿನ ಮೇಲೆ ಬೆರಳ ತುದಿಯನ್ನು ಸುತ್ತ ಆಡಿಸಿ, ಕಚ್ಚು ಅಥವಾ ತಗ್ಗು ಸಿಗುತ್ತದೆಯೇ ನೋಡಿ. ಅನಂತರ ಬರಿಯ ಶೆಲ್ಲನ್ನು, ಅಂದರೆ ಡ್ರಮ್ಮಿನ ಮರದ ಒಡಲನ್ನು, ಅಡುಗೆಮನೆಯ ಗ್ರಾನೈಟ್ ಕಟ್ಟೆಯಂತಹ ಸಮತಟ್ಟಾದ ಕಲ್ಲಿನ ಮೇಲೆ ಇರಿಸಿ, ಒಳಗೆ ಮೊಬೈಲಿನ ಟಾರ್ಚ್ ಹಚ್ಚಿಟ್ಟು, ಮೇಲೆ ದಪ್ಪ ಟವೆಲ್ ಮುಚ್ಚಿ, ಕೋಣೆಯ ದೀಪ ಆರಿಸಿ, ಕಣ್ಣನ್ನು ಕಲ್ಲಿನ ಮಟ್ಟಕ್ಕೆ ತಂದು ಸುತ್ತಲೂ ನೋಡಬೇಕು. ಅಂಚಿನ ಕೆಳಗಿನಿಂದ ಒಂದು ಕಡೆ ಬೆಳಕಿನ ಗೆರೆ ಸೋರಿದರೆ ಅಲ್ಲಿ ಹೆಡ್ ಸರಿಯಾಗಿ ಕೂರುವುದಿಲ್ಲ. ಯಾವ ಗುರುವೂ ಆ ಡ್ರಮ್ಮನ್ನು ಸರಿಯಾಗಿ ಟ್ಯೂನ್ ಮಾಡಲಾರರು. ಶೆಲ್ ಮಗುಚಿ ಇನ್ನೊಂದು ಅಂಚನ್ನೂ ಹೀಗೆಯೇ ನೋಡಿ. ಬಿಚ್ಚಲು ಒಪ್ಪದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಹೊರಡುವುದು ಉತ್ತಮ.

ಹಳೆಯ ಸಿಂಬಲ್ಲಿನಲ್ಲಿ ಬಿರುಕು ಕಣ್ಣಿಗಿಂತ ಮೊದಲು ಉಗುರಿಗೆ ಸಿಗುತ್ತದೆ. ಅಂಚಿನ ಉದ್ದಕ್ಕೂ ಉಗುರು ಎಳೆದು, ತಡೆದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ನಡುವಿನ ರಂಧ್ರ ದುಂಡಗಿರದೆ ಒಂದು ಕಡೆಗೆ ಸವೆದಿದ್ದರೆ, ಸ್ಟ್ಯಾಂಡಿನ ಪ್ಲಾಸ್ಟಿಕ್ ಕೊಳವೆಯಿಲ್ಲದೆ ಬಹುಕಾಲ ಬಾರಿಸಿದ್ದಾರೆಂದು ತಿಳಿಯಬೇಕು. ಬಿರುಕು ಚಿಕ್ಕದೆಂದು ರಿಯಾಯಿತಿ ಕೊಟ್ಟರೂ ಕೊಳ್ಳಬೇಡಿ, ಅದು ಬೆಳೆಯುತ್ತದೆ.

ಡ್ರಮ್ಮಿಗೆ ಬಡಿಯುವ ಪೆಡಲಿನ ಬೀಟರನ್ನು ಎರಡು ಬೆರಳಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸಿ. ಗಡಗಡ ಎಂದರೆ ಬೇರೆ ಪೆಡಲಿಗೆ ಬೇಕಾದ ಹಣವನ್ನು ಬೆಲೆಯಲ್ಲಿ ಕಳೆಯಿರಿ. ಆಸನದ ಮೇಲೆ ಪೂರ್ತಿ ಭಾರ ಬಿಟ್ಟು ಕೂತು, ಸೊಂಟವನ್ನು ತುಸು ತಿರುಗಿಸಿ ನೋಡಿ. ಕುಳಿತಾಗ ತೊಡೆ ಮೊಣಕಾಲಿನ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು, ಆ ಎತ್ತರದಲ್ಲಿ ಆಸನ ಜಾರದೆ ನಿಲ್ಲಬೇಕು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಲಿಸಿ ಆಮೇಲೆ ಆಸನ ಕೊಡಿಸೋಣವೆನ್ನುವವರು ಮಕ್ಕಳ ಬೆನ್ನಿಗೆ ತಪ್ಪು ಪಾಠ ಕಲಿಸುತ್ತಿರುತ್ತಾರೆ.

ಹೊಸದೋ ಹಳೆಯದೋ, ಸೆಟ್ಟಿನ ಜೊತೆ ಬಂದ ತೆಳುವಾದ ಹೆಡ್ಡುಗಳಲ್ಲಿ ಸ್ನೇರಿನ ಮೇಲಿನದನ್ನಾದರೂ ಒಳ್ಳೆಯ ಕೋಟೆಡ್ (ಒರಟು ಲೇಪನದ) ಹೆಡ್‌ಗೆ ಬದಲಿಸಿ. ಎಲ್ಲ ರಾಡುಗಳನ್ನೂ ಬೆರಳಿನಲ್ಲಿ ಬಿಗಿದ ಬಳಿಕ ಕೀಯಿಂದ ಎದುರುಬದುರಾಗಿ ಕಾಲು ಸುತ್ತಿನಂತೆ ಬಿಗಿಯುತ್ತಾ, ಪ್ರತಿ ರಾಡಿನ ಬಳಿ ಅಂಚಿನಿಂದ ಒಂದಿಂಚು ಒಳಗೆ ಸ್ಟಿಕ್ಕಿನಿಂದ ಮೆಲ್ಲಗೆ ತಟ್ಟಿ, ಎಲ್ಲೆಡೆ ಒಂದೇ ಸ್ವರ ಬರುವವರೆಗೆ ಮುಂದುವರಿಯಬೇಕು. ಸ್ನೇರಿನ ಕೆಳಗಿನ ಹೆಡ್ ಬಹಳ ತೆಳುವಾದ್ದರಿಂದ ಅದನ್ನು ಸ್ಟಿಕ್ಕಿನಿಂದ ತಟ್ಟಬಾರದು, ಬೆರಳಿನಿಂದಷ್ಟೇ ತಟ್ಟಿ ನೋಡಬೇಕು.